ನಗರದ ಏಳಿಗೆಯೂ ಕೆರೆಕಾಲುವೆಗಳ ಪಾಲನೆಯೂ
(ಬೆಂಗಳೂರಿನ ಜಲಚರಿತ್ರೆಯ ಸಿಂಹಾವಲೋಕನ)

ಪೀಠಿಕೆ

ಊರು ಹುಟ್ಟುವುದು ನೀರಿನಿಂದ. ಹುಟ್ಟಿದ ಊರು ಬಾಳುವುದು ಆ ನೀರನ್ನು ಕಾಯುವವರಿಂದ. ಲೋಕದ ಚರಿತ್ರೆಯನ್ನು ಎಲ್ಲಿ ತೆರೆದು ನೋಡಿದರೂ ಈ ಮಾತಿಗೆ ಸಾಕ್ಷ್ಯವು ದೊರೆಯದೆ ಇರದು. ಮಹಾನದಿಗಳ ತೀರದಲ್ಲಿ ನೆಲಸಿದ ಪಟ್ಟಣಗಳಿಗೆ ನೀರು ಪ್ರಕೃತಿಯ ದಾನವಾಗಿ ಲಭಿಸಿತು. ನದಿಯಿಲ್ಲದ ಬಯಲುಸೀಮೆಯಲ್ಲಿ ಊರನ್ನು ಕಟ್ಟಲು ಹೊರಟವರಾದರೋ ಮೊದಲು ನೀರನ್ನು ಕಟ್ಟಬೇಕಾಯಿತು. ಕನ್ನಡನಾಡಿನ ಬಹುಭಾಗದ ಊರುಗಳು ಈ ಎರಡನೆಯ ಬಗೆಯವು. ಆದುದರಿಂದಲೇ ನಮ್ಮಲ್ಲಿ ಊರೆಂದರೆ ಕೆರೆ, ಕೆರೆಯೆಂದರೆ ಊರು ಎಂಬಂತೆ ಅವೆರಡೂ ಒಂದನ್ನೊಂದು ಅಗಲದೆ ಬೆಳೆದುವು.

ಊರು ಬೆಳೆಯಬೇಕೋ, ಕೆರೆ ಉಳಿಯಬೇಕೋ ಎಂಬ ಪ್ರಶ್ನೆಯು ಈಚೆಗೆ ಎಲ್ಲೆಲ್ಲಿಯೂ ಕೇಳಿಬರುತ್ತಲಿದೆ. ಇವೆರಡೂ ತಕ್ಕಡಿಯ ಎರಡು ತಟ್ಟೆಗಳಂತೆ, ಒಂದು ಏರಿದರೆ ಮತ್ತೊಂದು ಇಳಿಯಲೇಬೇಕೆಂದು ಭಾವಿಸುವವರು ಬಹಳ. ಈ ಭಾವನೆಯು ಎಷ್ಟರಮಟ್ಟಿಗೆ ಸರಿಯೆಂಬುದನ್ನು ಅರಿಯಲು ಬೆಂಗಳೂರಿನ ಚರಿತ್ರೆಗಿಂತ ಉತ್ತಮವಾದ ಉದಾಹರಣೆ ದೊರೆಯುವುದು ದುರ್ಲಭ.

ಕೆರೆ ಕಟ್ಟುವ ಧರ್ಮ

ಹನ್ನೆರಡನೆಯ ಶತಮಾನದ ಶಿವಯೋಗಿ ಸಿದ್ಧರಾಮೇಶ್ವರರು ಸೊನ್ನಲಿಗೆಯಲ್ಲಿ ಕೆರೆಯನ್ನು ತೋಡಿಸಿದ ಸಂಗತಿಯು ಭಕ್ತರೆಲ್ಲರಿಗೂ ವಿದಿತವಾದುದು. ಇಂದಿನ ಸೊಲ್ಲಾಪುರದಲ್ಲಿ ಆ ಕೆರೆಯೂ ಅದರ ನೀರಿನ ನಡುವಣ ದೇವಾಲಯವೂ ಇಂದಿಗೂ ಕಣ್ಣಿಗೆ ಕಾಣುತ್ತಿವೆ. ಕೆರೆಯ ಕೆಲಸವು ನಡೆಯುತ್ತಿದ್ದ ಸ್ಥಳಕ್ಕೆ ಅಲ್ಲಮಪ್ರಭುದೇವರು ಬಂದು ಸಿದ್ಧರಾಮರನ್ನು ಪರೀಕ್ಷಿಸಿದ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ಬಂದಿದೆ. ಪ್ರಭುದೇವರು ನಿರಾಕರಿಸಿದುದು ಕೆರೆಯನ್ನಲ್ಲ, ಕಟ್ಟಿದವನು ನಾನೆಂಬ ಅಭಿಮಾನವನ್ನು ಎಂದು ಅನುಭಾವಿಗಳು ಇದಕ್ಕೆ ಅರ್ಥ ಹೇಳುವರು. ಈ ಅರ್ಥವನ್ನು ಲೋಕವ್ಯವಹಾರಕ್ಕೆ ಅನ್ವಯಿಸಿದರೆ ಒಂದು ಸತ್ಯವು ಹೊಳೆಯುವುದು. ಕೆರೆಯನ್ನು ಕಟ್ಟಿದವನಿಗೆ ಕೀರ್ತಿಯುಂಟು, ಶಾಸನದಲ್ಲಿ ಹೆಸರುಂಟು. ವರ್ಷವರ್ಷವೂ ಹೂಳನ್ನು ತೆಗೆದು, ಏರಿಯ ಬಿರುಕಿಗೆ ಮಣ್ಣು ಹಾಕಿ, ತೂಬನ್ನು ಕಾಯ್ದವನ ಹೆಸರು ಯಾವ ಕಲ್ಲಿನಲ್ಲಿಯೂ ಇಲ್ಲ. ಆದರೆ ಕೆರೆಯು ಉಳಿದಿರುವುದು ಇವನಿಂದಲೇ. ಕಟ್ಟುವುದು ಒಂದು ದಿನದ ದಾನವಾದರೆ, ಕಾಯುವುದು ನಿತ್ಯದ ಕಾಯಕ.

ಪೂರ್ವಿಕರು ಈ ಭೇದವನ್ನು ಚೆನ್ನಾಗಿ ಅರಿತಿದ್ದರು. ಈಗಿನ ಆಂಧ್ರಪ್ರದೇಶದ ಕಡಪಾ ಸೀಮೆಗೆ ಸೇರಿದ ಪೋರುಮಾಮಿಳ್ಳದಲ್ಲಿ ಕ್ರಿ. ಶ. ೧೩೬೯ರ ಒಂದು ಸಂಸ್ಕೃತ ಶಾಸನವಿದೆ. ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರನು ಅಲ್ಲಿ ಕೆರೆಯನ್ನು ಕಟ್ಟಿಸಿದಾಗ ಹಾಕಿಸಿದ ಶಾಸನವಿದು. ಇದರಲ್ಲಿ ಉತ್ತಮವಾದ ಕೆರೆಗೆ ಇರಬೇಕಾದ ೧೨ ಅಂಗಗಳೂ, ಇರಬಾರದ ೬ ದೋಷಗಳೂ ಹೇಳಲ್ಪಟ್ಟಿವೆ. ಏರಿಯಿಂದ ನೀರು ಜಿನುಗುವುದು, ನೆಲವು ಚೌಳಾಗಿರುವುದು ಮುಂತಾದುವು ದೋಷಗಳೆಂಬುದನ್ನು ಯಾರಾದರೂ ಊಹಿಸಬಹುದು. ಎರಡು ರಾಜ್ಯಗಳ ಎಲ್ಲೆಯಲ್ಲಿ ಕೆರೆಯಿರುವುದನ್ನೂ ಶಾಸನವು ದೋಷಗಳ ಸಾಲಿಗೆ ಸೇರಿಸಿರುವುದು ವಿಶೇಷ. ಇಬ್ಬರು ಒಡೆಯರಿದ್ದ ಕೆರೆಗೆ ಒಡೆಯನೇ ಇಲ್ಲವೆಂಬುದು ಇದರ ಇಂಗಿತವಾಗಿರಬೇಕು. ಈ ಒಂದು ದೋಷವನ್ನು ಸುಜ್ಞರು ನೆನಪಿನಲ್ಲಿಟ್ಟುಕೊಳ್ಳತಕ್ಕುದು. ಮುಂದೆ ಇದರ ಪ್ರಯೋಜನವು ತಿಳಿಯುವುದು.

ಕೆರೆಯನ್ನು ಕಾಯುವುದಕ್ಕಾಗಿ ಹಿಂದಿನವರು ಬರಿಯ ಉಪದೇಶವನ್ನು ನಂಬಿ ಕೂಡಲಿಲ್ಲ. ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಹೆಸರುಗಳಿಂದ ಕೆರೆಗಾಗಿ ಭೂಮಿಯನ್ನು ಬಿಟ್ಟರು. ನೀರನ್ನು ಹಂಚುವುದಕ್ಕೆ ನೀರಗಂಟಿಯನ್ನು ನೇಮಿಸಿದರು. ತೂಬನ್ನು ಎತ್ತುವವನೂ ಇಳಿಸುವವನೂ ಅವನೇ. ಸರದಿಯನ್ನು ತಪ್ಪದೆ ಗದ್ದೆಗದ್ದೆಗೆ ನೀರು ತಿರುಗಿಸುವವನೂ ಅವನೇ. ಮಳೆಗಾಲದ ರಾತ್ರಿಯಲ್ಲಿ ಏರಿಯ ಮೇಲೆ ನಡೆದಾಡಿ ಅಪಾಯವನ್ನು ಕಂಡೊಡನೆ ಊರನ್ನು ಎಬ್ಬಿಸುವವನೂ ಅವನೇ. ಸುಗ್ಗಿಯಲ್ಲಿ ಅವನಿಗೆ ಧಾನ್ಯದ ಪಾಲು ಸಲ್ಲುತ್ತಿದ್ದಿತು. ಬೇಸಗೆಯಲ್ಲಿ ಕೆರೆಯು ಬತ್ತಿದಾಗ ರೈತರು ಹೂಳನ್ನು ತೆಗೆದು ಗೊಬ್ಬರವಾಗಿ ಹೊಲಗಳಿಗೆ ಸಾಗಿಸುತ್ತಿದ್ದರು. ಕುಂಬಾರರು ಮಡಕೆಗೆ ಬೇಕಾದ ಜೇಡಿಯನ್ನು ಒಯ್ಯುತ್ತಿದ್ದರು. ಹೀಗೆ ಒಬ್ಬೊಬ್ಬರ ಪ್ರಯೋಜನದಿಂದಲೇ ಕೆರೆಯ ಪಾಲನೆಯೂ ನಡೆದುಹೋಗುತ್ತಿದ್ದಿತು. ಆದರೆ ಈ ವ್ಯವಸ್ಥೆಯು ಸರ್ವಾಂಗಸುಂದರವಾಗಿದ್ದಿತೆಂದು ಹೊಗಳುವುದು ಸತ್ಯಕ್ಕೆ ದೂರವಾದ ಮಾತು. ಏರಿಯನ್ನು ಕಾಯ್ದವರೇ ಎಷ್ಟೋ ಊರುಗಳಲ್ಲಿ ನೀರನ್ನು ಸಮನಾಗಿ ಮುಟ್ಟುವ ಹಕ್ಕಿಲ್ಲದೆ ಹೊರಗೆ ನಿಂತಿದ್ದರು. ಶರಣರು ಖಂಡಿಸಿದ ಭೇದವು ಕೆರೆಯ ದಡದಲ್ಲಿಯೂ ಇದ್ದೇ ಇದ್ದಿತು. ಹಿಂದಿನದರಿಂದ ಗ್ರಹಿಸತಕ್ಕುದು ಆ ಭೇದವನ್ನಲ್ಲ. ಪ್ರತಿಯೊಂದು ಕೆರೆಗೂ ಹೆಸರು ಹಿಡಿದು ಕರೆಯಬಹುದಾದ ಒಬ್ಬ ಪಾಲಕನಿದ್ದನೆಂಬ ಅಂಶವನ್ನು.

ಕೆಂಪೇಗೌಡರ ಪಟ್ಟಣ

ಬೆಂಗಳೂರೆಂಬ ಹೆಸರು ಸುಮಾರು ಕ್ರಿ. ಶ. ೯೦೦ರ ಬೇಗೂರಿನ ಶಾಸನದಲ್ಲಿಯೇ ದೊರೆಯುವುದು. ಆದರೆ ಕೋಟೆ ಪೇಟೆಗಳುಳ್ಳ ಪಟ್ಟಣವಾಗಿ ಅದನ್ನು ೧೫೩೭ರಲ್ಲಿ ಕಟ್ಟಿದವರು ಯಲಹಂಕ ನಾಡಪ್ರಭು ಹಿರಿಯ ಕೆಂಪೇಗೌಡರು. ಆ ಸ್ಥಳವು ಸಮುದ್ರಮಟ್ಟದಿಂದ ಸುಮಾರು ೩೦೦೦ ಅಡಿ ಎತ್ತರದ ದಿಣ್ಣೆ; ಹತ್ತಿರದಲ್ಲಿ ದೊಡ್ಡ ನದಿಯಿಲ್ಲ. ದಿಣ್ಣೆಯ ಪಡುವಣ ಮಗ್ಗುಲಿನಲ್ಲಿ ಬಿದ್ದ ಮಳೆಯು ವೃಷಭಾವತಿಯಾಗಿ ಹರಿದು ಅರ್ಕಾವತಿಯನ್ನು ಸೇರಿ ಕಾವೇರಿಗೆ ಹೋಗುವುದು. ಮೂಡಣ ಮಗ್ಗುಲಿನ ನೀರು ಕೋರಮಂಗಲ-ಚಲ್ಲಘಟ್ಟದ ಕಣಿವೆ, ಹೆಬ್ಬಾಳದ ಕಣಿವೆ ಇವುಗಳ ಮೂಲಕ ದಕ್ಷಿಣ ಪಿನಾಕಿನಿಯನ್ನು ಸೇರುವುದು. ವೃಷಭಾವತಿಯು ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುವಳೆಂಬ ನಂಬಿಕೆಯಿಂದಲೇ ಆ ನದಿಗೆ ಈ ಹೆಸರು ಬಂದಿತು.

ಎರಡು ಕಡೆಗೂ ಹರಿದುಹೋಗುವ ಇಂತಹ ನೆಲದಲ್ಲಿ ನೀರನ್ನು ತಡೆದು ನಿಲ್ಲಿಸುವುದೊಂದೇ ಬದುಕುವ ಉಪಾಯ. ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ ಮುಂತಾದ ಕೆರೆಗಳನ್ನು ಕೆಂಪೇಗೌಡರ ಮನೆತನದವರು ಕಟ್ಟಿಸಿದರೆಂದು ಪ್ರತೀತಿಯಿದೆ. ಒಂದೊಂದು ಕಣಿವೆಯಲ್ಲಿಯೂ ಕೆರೆಗಳು ಸರಪಳಿಯ ಕೊಂಡಿಗಳಂತೆ ಜೋಡಿಸಲ್ಪಟ್ಟಿದ್ದುವು. ಮೇಲಿನ ಕೆರೆಯು ತುಂಬಿ ಕೋಡಿ ಹರಿದರೆ ಆ ನೀರು ರಾಜಕಾಲುವೆಯ ಮೂಲಕ ಕೆಳಗಣ ಕೆರೆಗೆ ಬರುತ್ತಿದ್ದಿತು. ಅದು ತುಂಬಿದರೆ ಅದರ ಕೆಳಗಿನದಕ್ಕೆ. ದಾರಿಯಲ್ಲಿ ನೀರು ನೆಲಕ್ಕೆ ಇಂಗಿ ಬಾವಿಗಳಲ್ಲಿ ಒರತೆಯಾಗಿ ಮೇಲಕ್ಕೆ ಬರುತ್ತಿದ್ದಿತು. ಆದಕಾರಣ ಒಂದು ಕೆರೆಯನ್ನು ಪ್ರತ್ಯೇಕವಾಗಿ ನೋಡುವುದೇ ತಪ್ಪು. ಮಣಿಗಳು ಎಷ್ಟಿದ್ದರೇನು, ದಾರವು ಹರಿದರೆ ಹಾರವಿಲ್ಲ. ಆ ದಾರವೇ ರಾಜಕಾಲುವೆ.

ಇಲ್ಲಿ ಗಮನಿಸಬೇಕಾದುದೊಂದುಂಟು. ಕೆಂಪೇಗೌಡರ ಪಟ್ಟಣವೂ ಆ ಕಾಲಕ್ಕೆ ಹೊಸ ಅಭಿವೃದ್ಧಿಯೇ. ಕಾಡನ್ನು ಕಡಿದು, ಬೀದಿಗಳನ್ನು ಹಾಕಿ, ವರ್ತಕರನ್ನೂ ಕುಶಲಕರ್ಮಿಗಳನ್ನೂ ಕರೆತಂದು ನೆಲೆಗೊಳಿಸಿದ ಕಾರ್ಯವದು. ಆದರೆ ಬೀದಿಯ ಜೊತೆಯಲ್ಲಿಯೇ ಕೆರೆಯೂ ಹುಟ್ಟಿತು. ಪಟ್ಟಣದ ವಿಸ್ತಾರವು ನೀರಿನ ವಿಸ್ತಾರವನ್ನು ಹಿಂಬಾಲಿಸಿತೇ ಹೊರತು ಅದನ್ನು ನುಂಗಲಿಲ್ಲ. ೧೮೦೯ರಲ್ಲಿ ಆಂಗ್ಲರ ದಂಡು ಬಂದು ನೆಲಸಿದ ಮೇಲೆಯೂ ಇದೇ ಕ್ರಮವು ಕೆಲವು ಕಾಲ ನಡೆಯಿತು. ೧೮೭೬ರಿಂದ ೧೮೭೮ರವರೆಗಿನ ಘೋರ ಕ್ಷಾಮದ ತರುವಾಯ, ೧೮೮೨ರಲ್ಲಿ, ಸ್ಯಾಂಕಿ ಎಂಬ ಇಂಜಿನಿಯರನ ಹೆಸರನ್ನು ಹೊತ್ತ ಕೆರೆಯು ಕಟ್ಟಲ್ಪಟ್ಟಿತು. ಜನವು ಹೆಚ್ಚಿದರೆ ಕೆರೆಯೂ ಹೆಚ್ಚಬೇಕೆಂಬ ತಿಳಿವಳಿಕೆಯು ಅಲ್ಲಿಯವರೆಗೆ ಅಳಿದಿರಲಿಲ್ಲ.

ದೂರದ ನೀರು, ಹತ್ತಿರದ ಮರೆವು

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಊರು ಬೆಳೆದು ಹಳೆಯ ಕೆರೆಗಳ ನೀರು ಸಾಲದಾಯಿತು. ಇದ್ದ ನೀರೂ ಮಲಿನವಾಗತೊಡಗಿತು. ದಿವಾನ್ ಶೇಷಾದ್ರಿ ಅಯ್ಯರವರ ಆಡಳಿತದಲ್ಲಿ ಅರ್ಕಾವತಿಯ ಹೆಸರಘಟ್ಟದ ಕೆರೆಯಿಂದ ನೀರು ತರುವ ಏರ್ಪಾಡಾಯಿತು. ಅಲ್ಲಿಂದ ಬಂದ ನೀರನ್ನು ಸೋಲದೇವನಹಳ್ಳಿಯಲ್ಲಿ ಉಗಿಯಂತ್ರಗಳಿಂದ ಮೇಲೆತ್ತಿ ೧೮೯೬ರಲ್ಲಿ ಪಟ್ಟಣಕ್ಕೆ ಹರಿಯಿಸಿದರು. ೧೮೯೮ರಲ್ಲಿ ಪ್ಲೇಗಿನ ಮಾರಿಯು ಊರನ್ನು ಹೊಕ್ಕಾಗ ಶುದ್ಧವಾದ ನಲ್ಲಿಯ ನೀರಿನ ಬೆಲೆಯು ಎಲ್ಲರಿಗೂ ಮನದಟ್ಟಾಯಿತು. ಮುಂದೆ ಹೆಸರಘಟ್ಟವೂ ಸಾಲದೆ, ವಿಶ್ವೇಶ್ವರಯ್ಯನವರ ನೇತೃತ್ವದಲ್ಲಿ ಅರ್ಕಾವತಿ-ಕುಮುದ್ವತಿಗಳ ಸಂಗಮದಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವು ೧೯೩೩ರಲ್ಲಿ ಸಿದ್ಧವಾಯಿತು. ೧೯೭೪ರಲ್ಲಿ ಕಾವೇರಿಯ ನೀರೇ ಬಂದಿತು. ನೂರು ಕಿಲೋಮೀಟರುಗಳಷ್ಟು ದೂರದಿಂದ, ಸುಮಾರು ಐದುನೂರು ಮೀಟರು ಎತ್ತರಕ್ಕೆ ಯಂತ್ರಗಳಿಂದ ಏರಿ ಬಂದಿತು. ಕಾವೇರಿಯ ಐದನೆಯ ಹಂತವು ೨೦೨೪ರ ಅಕ್ಟೋಬರಿನಲ್ಲಿ ಲೋಕಾರ್ಪಣೆಯಾಯಿತು. ೧೯೪೧ರಲ್ಲಿ ನಾಲ್ಕು ಲಕ್ಷವಾಗಿದ್ದ ಜನಸಂಖ್ಯೆಯು ೨೦೧೧ರಲ್ಲಿ ೮೪ ಲಕ್ಷವಾದ ನಗರಕ್ಕೆ ಈ ಮಹಾಕಾರ್ಯಗಳು ಪ್ರಾಣದಾನವನ್ನೇ ಮಾಡಿದುವೆಂದರೆ ಅತಿಶಯೋಕ್ತಿಯಲ್ಲ.

ಆದರೆ ಈ ಉಪಕಾರದ ಬೆನ್ನಿನಲ್ಲಿಯೇ ಒಂದು ಅಪಕಾರವೂ ಅಡಗಿ ಬಂದಿತು. ದೂರದ ನೀರು ಬಂದಂದೇ ಹತ್ತಿರದ ಕೆರೆಯು ಅನಾಥವಾಯಿತು. ಕುಡಿಯುವ ನೀರು ನಲ್ಲಿಯಲ್ಲಿ ದೊರೆಯುವಾಗ ಕೆರೆಯ ಕಡೆಗೆ ನೋಡುವವರು ಯಾರು? ಅಚ್ಚುಕಟ್ಟಿನ ಗದ್ದೆಗಳು ನಿವೇಶನಗಳಾದ ಮೇಲೆ ತೂಬನ್ನು ಎತ್ತುವ ನೀರಗಂಟಿಗೆ ಕೆಲಸವೇನು? ಸುಗ್ಗಿಯ ಪಾಲು ನಿಂತಿತು, ಕಾಯಕವೂ ನಿಂತಿತು. ಕೆರೆಯು ಊರಿನ ತಾಯಿಯೆನಿಸಿದ್ದುದು ಹೋಗಿ, ಬರಿಯ ಖಾಲಿ ಜಾಗವೆನಿಸಿತು.

ಕೆರೆಗಳ ರೂಪಾಂತರ

ಸಂಪಂಗಿ ಕೆರೆಯ ವೃತ್ತಾಂತವು ಇದಕ್ಕೆ ಒಳ್ಳೆಯ ನಿದರ್ಶನ. ಅದರ ನೀರನ್ನು ನಂಬಿ ತಿಗಳ ಸಮಾಜದ ತೋಟಗಾರರು ಹೂವು ತರಕಾರಿಗಳನ್ನು ಬೆಳೆಯುತ್ತಿದ್ದರು. ಹೆಸರಘಟ್ಟದ ನೀರು ಬಂದ ಮೇಲೆ ಕುಡಿಯುವ ನೀರಿಗೆ ಆ ಕೆರೆಯ ಅವಶ್ಯಕತೆಯು ಉಳಿಯಲಿಲ್ಲ. ಸುತ್ತಲಿನ ಬಂಗಲೆಗಳವರಿಗೆ ಕೆರೆಯು ತುಂಬಿದರೆ ಮುಳುಗಡೆಯ ಭಯ, ನಿಂತರೆ ಸೊಳ್ಳೆಯ ಭಯ. ತೋಟಗಾರರಿಗೆ ಅದು ಬತ್ತಿದರೆ ಹೊಟ್ಟೆಯ ಭಯ. ಈ ಎರಡು ಭಯಗಳ ತೂಕದಲ್ಲಿ ತೋಟಗಾರರದು ಹಗುರವಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಕೆರೆಯು ಬರಿದಾಗಿ ಅಲ್ಲಿ ಕಂಠೀರವ ಕ್ರೀಡಾಂಗಣವು ಎದ್ದಿತು. ಕರಗ ಮಹೋತ್ಸವದ ವಿಧಿಗಳಿಗಾಗಿ ಒಂದು ಚಿಕ್ಕ ಕಲ್ಯಾಣಿಯು ಮಾತ್ರ ಉಳಿಯಿತು. ಆಚರಣೆಯು ನೀರನ್ನು ನೆನೆಯುತ್ತಲಿದೆ, ಊರು ಮರೆತಿದೆ.

ಇದರಂತೆಯೇ ಧರ್ಮಾಂಬುಧಿಯ ಅಂಗಳವು ಬಸ್ಸುಗಳ ಮಹಾನಿಲ್ದಾಣವಾಯಿತು. ಕೋರಮಂಗಲದ ಕೆರೆಯಲ್ಲಿ ರಾಷ್ಟ್ರೀಯ ಕ್ರೀಡೆಗಳಿಗಾಗಿ ವಸತಿಗಳು ಎದ್ದುವು. ಅಕ್ಕಿತಿಮ್ಮನಹಳ್ಳಿಯ ಕೆರೆಯು ಹಾಕಿಯ ಬಯಲಾಯಿತು. ಇವನ್ನು ಮಾಡಿದವರೆಲ್ಲರೂ ದುಷ್ಟರೆಂದು ದೂಷಿಸುವುದು ನ್ಯಾಯವಲ್ಲ. ಲಕ್ಷಾಂತರ ಜನರು ಬಂದಿಳಿಯಲು ನಿಲ್ದಾಣವು ಬೇಕಾಗಿದ್ದಿತು, ಮಕ್ಕಳಿಗೆ ಆಟದ ಬಯಲು ಬೇಕಾಗಿದ್ದಿತು, ಮಲೇರಿಯಾದ ಭಯವೂ ಸುಳ್ಳಾಗಿರಲಿಲ್ಲ. ತಪ್ಪಿದುದೆಲ್ಲಿಯೆಂದರೆ, ಒಂದೊಂದು ಸಲವೂ ಒಂದು ಕೆರೆಯನ್ನು ಮಾತ್ರ ಲೆಕ್ಕ ಹಾಕಿದರು. ಅದರ ಮೇಲಿನದನ್ನೂ ಕೆಳಗಿನದನ್ನೂ ಎಣಿಸಲಿಲ್ಲ. ಕೆರೆಯನ್ನು ಮುಚ್ಚಬಹುದು, ಅದಕ್ಕೆ ಬರುವ ಮಳೆಯನ್ನು ಮುಚ್ಚಲಾಗದು.

ನೀರಿನ ಮರುಮಾತು

ನಲ್ಲಿಯಿಂದ ಮನೆಗೆ ಬಂದ ನೀರು ಮನೆಯಲ್ಲಿಯೇ ಉಳಿಯುವುದಿಲ್ಲ. ಬಂದುದರ ಹತ್ತು ಪಾಲಿನಲ್ಲಿ ಸುಮಾರು ಎಂಟು ಪಾಲು ಕೊಳಚೆಯಾಗಿ ಹೊರಕ್ಕೆ ಹೋಗುವುದು. ನೂರು ಕಿಲೋಮೀಟರು ದೂರದಿಂದ ಬಂದ ಕಾವೇರಿಗೆ ನಗರದಲ್ಲಿ ಬರುವ ದಾರಿಯನ್ನು ಕೋಟ್ಯಂತರ ರೂಪಾಯಿಗಳ ವೆಚ್ಚದಿಂದ ಹೊಸದಾಗಿ ಕಟ್ಟಿದರು. ಹೋಗುವ ದಾರಿಯಾಗಿ ಉಳಿದುದು ಬಹುಮಟ್ಟಿಗೆ ಹಳೆಯ ರಾಜಕಾಲುವೆಯೇ. ಹಿಂದೆ ಬೇಸಗೆಯಲ್ಲಿ ಬತ್ತಿ, ಹೂಳನ್ನು ತೆಗೆಯಲು ಅನುವಾಗುತ್ತಿದ್ದ ಕೆರೆಗಳು ಈಗ ವರ್ಷವೆಲ್ಲಾ ತುಂಬಿಕೊಂಡಿರತೊಡಗಿದುವು. ಆದರೆ ತುಂಬಿದುದು ಮಳೆಯ ನೀರಲ್ಲ.

ಸುಮಾರು ೯೦೦ ಎಕರೆಯ ಬೆಳ್ಳಂದೂರು ಕೆರೆಯು ನಗರದ ಕೆರೆಗಳಲ್ಲಿಯೇ ದೊಡ್ಡದು. ನಗರದ ಕೊಳಚೆಯ ದೊಡ್ಡ ಪಾಲು ಕೋರಮಂಗಲ-ಚಲ್ಲಘಟ್ಟದ ಕಣಿವೆಯಲ್ಲಿ ಇಳಿದು ಅಲ್ಲಿಗೇ ಬರುತ್ತಿದ್ದಿತು. ಸಾಬೂನು ಪುಡಿಗಳ ರಾಸಾಯನಿಕಗಳು ನೀರಿನಲ್ಲಿ ಬೆರೆತು, ಕೋಡಿಯಲ್ಲಿ ಧುಮುಕಿ ಕಡೆಯಲ್ಪಟ್ಟಾಗ ನೊರೆಯು ಬೆಟ್ಟದಂತೆ ಎದ್ದು ಬೀದಿಗೆ ಹಾರಿತು. ೨೦೧೫ರ ಮೇ ತಿಂಗಳಲ್ಲಿ ಆ ನೊರೆಗೆ ಬೆಂಕಿ ಹತ್ತಿತು. ೨೦೧೭ರಲ್ಲಿಯೂ ೨೦೧೮ರಲ್ಲಿಯೂ ಕೆರೆಯಲ್ಲಿ ಬೆಂಕಿಯು ಮತ್ತೆ ಕಾಣಿಸಿಕೊಂಡಿತು. ಬೆಂಕಿಯನ್ನು ಆರಿಸಬೇಕಾದ ನೀರೇ ಹೊತ್ತಿ ಉರಿಯಿತೆಂದ ಮೇಲೆ ಹೇಳುವುದಕ್ಕೆ ಮಿಕ್ಕುದೇನು?

ಪಡುವಣ ಕಡೆಯ ಕಥೆಯು ಇದಕ್ಕಿಂತ ಮೌನವಾದುದು, ಆದರೆ ದುಃಖದಲ್ಲಿ ಕಡಮೆಯಲ್ಲ. ಬಸವಣ್ಣನ ಪಾದದಲ್ಲಿ ಹುಟ್ಟುವಳೆಂದು ಪೂಜಿಸಲ್ಪಟ್ಟ ವೃಷಭಾವತಿಯು ಕೊಳಚೆಯನ್ನೂ ಕಾರ್ಖಾನೆಗಳ ಕಲ್ಮಷವನ್ನೂ ಹೊತ್ತು ಹರಿಯುವ ಮೋರಿಯಾದಳು. ಬಿಡದಿಯ ಸಮೀಪದ ಬೈರಮಂಗಲದಲ್ಲಿ ೧೯೪೦ರ ದಶಕದಲ್ಲಿ ಆ ನದಿಗೆ ಅಡ್ಡಲಾಗಿ ಜಲಾಶಯವನ್ನು ಕಟ್ಟಿದುದು ರೈತರ ಏಳಿಗೆಗಾಗಿ. ನಗರವು ಬೆಳೆದಂತೆಲ್ಲಾ ಆ ರೈತರ ಗದ್ದೆಗೆ ಬಂದುದು ನಗರದ ಉಚ್ಛಿಷ್ಟ. ಅಷ್ಟಾವರಣಗಳಲ್ಲಿ ಪಾದೋದಕವನ್ನು ಒಂದೆಂದು ನಂಬಿ ನಡೆಯುವವರು ತಮ್ಮ ಬಚ್ಚಲಿನ ನೀರು ಯಾರ ಹೊಲವನ್ನು ಸೇರುವುದೆಂದು ವಿಚಾರಿಸದೆ ಇರುವುದು ಧರ್ಮವೇ?

ಮುಂದೆ ೨೦೨೨ರ ಸೆಪ್ಟೆಂಬರಿನಲ್ಲಿ ಮಹಾಮಳೆ ಸುರಿದು ನಗರದ ಮೂಡಣ ಬಡಾವಣೆಗಳು ಜಲಮಯವಾದುವು. ಸಿರಿವಂತರೂ ದೋಣಿಗಳಲ್ಲಿ, ಟ್ರಾಕ್ಟರುಗಳಲ್ಲಿ ಮನೆಯಿಂದ ಹೊರಬೀಳಬೇಕಾಯಿತು. ಅದಾಗಿ ಎರಡು ವರ್ಷ ತುಂಬುವುದರೊಳಗೆ, ೨೦೨೪ರ ಬೇಸಗೆಯಲ್ಲಿ, ಅದೇ ನಗರದಲ್ಲಿ ಕೊಳವೆಬಾವಿಗಳು ಬತ್ತಿ ಜನರು ಟ್ಯಾಂಕರುಗಳ ಮುಂದೆ ಕೊಡ ಹಿಡಿದು ನಿಂತರು. ಮುಳುಗಡೆ, ಬಾಯಾರಿಕೆ ಎಂಬ ಈ ಎರಡು ವ್ಯಾಧಿಗಳಿಗೂ ನಿದಾನವು ಒಂದೇ. ಮಳೆಯು ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ, ಹೋಗಬೇಕಾದ ದಾರಿಯಲ್ಲಿ ಹೋಗಲಿಲ್ಲ, ಇಂಗಬೇಕಾದ ನೆಲಕ್ಕೆ ಇಂಗಲಿಲ್ಲ.

ಸಮನ್ವಯದ ಮಾರ್ಗ

ಈ ಅನರ್ಥವನ್ನು ಯಾರೂ ಮುಂಗಂಡಿರಲಿಲ್ಲವೆಂದು ಹೇಳುವಂತಿಲ್ಲ. ೧೯೮೫ರಲ್ಲಿ ನೇಮಕವಾದ ಲಕ್ಷ್ಮಣರಾವ್ ಸಮಿತಿಯು ಕೆರೆಗಳನ್ನು ಒಡೆಯಬಾರದು, ಕೊಳಚೆಯನ್ನು ಅವುಗಳಿಗೆ ಬಿಡಬಾರದು ಎಂಬ ಅಭಿಪ್ರಾಯವನ್ನು ಸರಕಾರಕ್ಕೆ ಅರುಹಿತು. ಕೆರೆಗಳ ಸಂರಕ್ಷಣೆಗಾಗಿ ೨೦೧೪ರಲ್ಲಿ ಪ್ರತ್ಯೇಕವಾದ ಕಾಯಿದೆಯೇ ಆಯಿತು. ೨೦೧೬ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ಕೆರೆಯ ಸುತ್ತ ೭೫ ಮೀಟರು ನೆಲವನ್ನು ಕಟ್ಟಡವಿಲ್ಲದೆ ಬಿಡಬೇಕೆಂದಿತು. ೨೦೧೯ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ರದ್ದುಪಡಿಸಿತು. ಎಷ್ಟು ಅಡಿಗಳನ್ನು ಬಿಡಬೇಕೆಂಬ ವಾದವು ಅಗತ್ಯವಾದುದೇ. ಆದರೆ ಬಿಟ್ಟ ನೆಲವನ್ನೂ ಕಟ್ಟಿದ ಏರಿಯನ್ನೂ ದಿನವೂ ಕಾಯುವವನು ಯಾರೆಂಬುದು ಅದಕ್ಕಿಂತ ಮೊದಲಿನ ಪ್ರಶ್ನೆ. ಕೆರೆಯ ನೆಲವು ಒಂದು ಕಚೇರಿಗೆ, ಮಳೆನೀರಿನ ಕಾಲುವೆಯು ಇನ್ನೊಂದಕ್ಕೆ, ಕೊಳಚೆಯು ಮತ್ತೊಂದಕ್ಕೆ ಸೇರಿದ್ದಾಗ ಮೂವರೂ ಪರಸ್ಪರರ ಕಡೆಗೆ ಬೊಟ್ಟು ಮಾಡುವುದು ಸಹಜ. ಎರಡು ರಾಜ್ಯಗಳ ಎಲ್ಲೆಯಲ್ಲಿರುವ ಕೆರೆಗೆ ದೋಷವುಂಟೆಂದು ಆರುನೂರ ಐವತ್ತು ವರ್ಷಗಳ ಹಿಂದೆ ಕಲ್ಲಿನಲ್ಲಿ ಕೆತ್ತಿದ ಮಾತಿನ ಅರ್ಥವು ಇಲ್ಲಿ ಸ್ಪಷ್ಟವಾಗುವುದು.

ಕಾಯುವವರಿದ್ದರೆ ಕೆಲಸವು ಸಾಧ್ಯವೆಂಬುದಕ್ಕೆ ಇದೇ ನಗರದಲ್ಲಿ ದೃಷ್ಟಾಂತಗಳಿವೆ. ಜಕ್ಕೂರಿನ ಕೆರೆಯಲ್ಲಿ ದಿನಕ್ಕೆ ಒಂದು ಕೋಟಿ ಲೀಟರು ಕೊಳಚೆಯನ್ನು ಶುದ್ಧೀಕರಿಸುವ ಘಟಕವನ್ನು ಕಟ್ಟಿದರು. ಅಲ್ಲಿಂದ ಹೊರಟ ನೀರು ಜೊಂಡು ಬೆಳೆದ ಜೌಗಿನಲ್ಲಿ ಮೆಲ್ಲಗೆ ಹಾಯ್ದು, ಮಿಕ್ಕ ಕಶ್ಮಲವನ್ನು ಗಿಡಗಳಿಗೆ ಆಹಾರವಾಗಿ ಬಿಟ್ಟು, ಆಮೇಲೆ ಕೆರೆಯನ್ನು ಸೇರುವಂತೆ ಏರ್ಪಡಿಸಿದರು. ಬೆಸ್ತರಿಗೆ ಮೀನು ದೊರೆಯಿತು, ಹಕ್ಕಿಗಳಿಗೆ ನೆಲೆಯಾಯಿತು. ಕೈಕೊಂಡರಹಳ್ಳಿಯಲ್ಲಿಯೂ ಪುಟ್ಟೇನಹಳ್ಳಿಯಲ್ಲಿಯೂ ನೆರೆಹೊರೆಯ ನಿವಾಸಿಗಳೇ ಮುಂದೆ ಬಂದು ಕೆರೆಗಳ ಪುನರುದ್ಧಾರಕ್ಕೆ ಹೆಗಲು ಕೊಟ್ಟರು. ಈ ಸ್ಥಳಗಳಲ್ಲಿ ಊರು ಬೆಳೆಯದೆ ನಿಂತಿತೇ? ಇಲ್ಲ. ಮನೆಗಳೂ ಎದ್ದುವು, ಕೆರೆಯೂ ಉಳಿಯಿತು.

೨೦೧೮ರಲ್ಲಿ ಆರಂಭವಾದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಯೋಜನೆಯೂ ಇಲ್ಲಿ ವಿಚಾರಾರ್ಹವಾದುದು. ದಿನಕ್ಕೆ ೪೪ ಕೋಟಿ ಲೀಟರು ಕೊಳಚೆಯನ್ನು ಶುದ್ಧೀಕರಿಸಿ ಬರಪೀಡಿತವಾದ ಕೋಲಾರದ ಕೆರೆಗಳಿಗೆ ಕಳುಹಿಸುವುದು ಅದರ ಉದ್ದೇಶ. ಬತ್ತಿದ ಕೆರೆಗಳು ತುಂಬಿದುವು, ಅಂತರ್ಜಲವು ಮೇಲೆದ್ದಿತು. ಆದರೆ ಮೊದಲ ವರ್ಷದಲ್ಲಿಯೇ ಕೋಲಾರದ ಕಡೆಯ ಕೆರೆಯಲ್ಲಿ ನೊರೆಯು ಕಾಣಿಸಿಕೊಂಡು ಜನರಲ್ಲಿ ಭೀತಿಯನ್ನು ಹುಟ್ಟಿಸಿತು. ನೀರನ್ನು ಇನ್ನೂ ಒಂದು ಹಂತ ಹೆಚ್ಚಾಗಿ ಶೋಧಿಸಬೇಕೆಂದು ಅಲ್ಲಿಯ ರೈತರು ಕೇಳಿದುದು ನ್ಯಾಯವಾದ ಬೇಡಿಕೆ. ಕೊಡುವವನು ತನಗೆ ಬೇಡವಾದುದನ್ನು ಕೊಡುವುದು ದಾನವಲ್ಲ. ತಾನೂ ಮುಟ್ಟಬಹುದಾದುದನ್ನು ಕೊಡುವುದು ದಾಸೋಹ.

ಉಪಸಂಹಾರ

ಬೆಂಗಳೂರಿನ ಚರಿತ್ರೆಯು ಕಲಿಸುವ ಪಾಠವಿದು: ಊರಿನ ಬೆಳವಣಿಗೆಯು ಕೆರೆಗೆ ಶತ್ರುವಲ್ಲ, ಪಾಲಕನಿಲ್ಲದ ಬೆಳವಣಿಗೆಯೇ ಶತ್ರು. ಬೀದಿಯ ಜೊತೆಗೆ ಕೆರೆಯನ್ನು ಕಟ್ಟಿದಷ್ಟು ಕಾಲ ಊರೂ ಬೆಳೆಯಿತು, ನೀರೂ ನಿಂತಿತು. ನೀರು ದೂರದಿಂದ ಬಂದಿತೆಂದು ಹತ್ತಿರದ ಕಾಯಕವನ್ನು ಕೈಬಿಟ್ಟಂದಿನಿಂದ ಎರಡಕ್ಕೂ ಕೇಡು ಮೊದಲಾಯಿತು. ಇಂದು ಕನ್ನಡನಾಡಿನ ಚಿಕ್ಕ ಊರುಗಳೂ ಪಟ್ಟಣಗಳಾಗುತ್ತಲಿವೆ, ಅಲ್ಲಿಯ ಕೆರೆಯಂಗಳಗಳಲ್ಲಿಯೂ ನಿವೇಶನಗಳ ಕಲ್ಲುಗಳು ನೆಡಲ್ಪಡುತ್ತಲಿವೆ. ಬೆಂಗಳೂರು ಅನುಭವಿಸಿ ಕಲಿತುದನ್ನು ಅವು ಕೇಳಿ ಕಲಿಯಬಹುದು.

ಭಕ್ತರಾದವರು ತಮ್ಮ ತಮ್ಮ ಊರಿನ ಕೆರೆಯ ಹೆಸರನ್ನು, ಅದಕ್ಕೆ ನೀರು ಬರುವ ಕಾಲುವೆಯನ್ನು, ಅದರ ಕೋಡಿಯು ಹೋಗಿ ಸೇರುವ ಮುಂದಿನ ಕೆರೆಯನ್ನು ತಿಳಿದುಕೊಳ್ಳತಕ್ಕುದು. ಮನೆಯ ಕೊಳಚೆಯು ಕಾಲುವೆಗೆ ಬೀಳದಂತೆ ನೋಡಿಕೊಳ್ಳತಕ್ಕುದು. ಕಾಲುವೆಯ ಮೇಲೆ ಕಟ್ಟಿದ ಮನೆಯನ್ನು ಅಗ್ಗಕ್ಕೆ ದೊರೆಯಿತೆಂದು ಕೊಳ್ಳದಿರತಕ್ಕುದು. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುನ್ನ, ಊರೆಲ್ಲಾ ಕೂಡಿ ಕಾಲುವೆಯ ಹೂಳನ್ನು ತೆಗೆಯುವುದನ್ನು ಜಾತ್ರೆಯಷ್ಟೇ ನಿಯಮದಿಂದ ನಡೆಸತಕ್ಕುದು. ಸೊನ್ನಲಿಗೆಯ ಶಿವಯೋಗಿಗಳ ಕೆರೆಯು ಎಂಟುನೂರು ವರ್ಷಗಳ ಮೇಲೂ ನಿಂತಿದೆಯೆಂದರೆ, ಅದನ್ನು ಒಬ್ಬರು ಕಟ್ಟಿದರು, ಹೆಸರಿಲ್ಲದ ಸಾವಿರಾರು ಜನರು ಕಾಯ್ದರು. ಆ ಹೆಸರಿಲ್ಲದವರ ಸಾಲಿನಲ್ಲಿ ನಿಲ್ಲುವ ಭಾಗ್ಯವು ಎಲ್ಲರಿಗೂ ದೊರೆಯಲಿ.